ಮುಳ್ಳು ಯಾ ಕಡೆ ಅದ?

ಹೋದ ವಾರ ನಮ್ಮ ನಡುಮನೆಯ ಸ್ವಿಚ್ ಬೋರ್ಡಿನಿಂದ ಸಣ್ಣಗೆ ಹೊಗೆ ಬಂತು. ಗಾಬರಿಪಡುವಂಥದ್ದೇನಲ್ಲ. ಬಜಾಜ್ ನಗರದ ಈ ಮನೆ ಕಟ್ಟಿದಾಗ ಎಳೆಸಿದ ವೈರುಗಳು ಅವು, ಒಳಗೆ ರಬ್ಬರು, ಮೇಲೆ ನೂಲಿನ ಹೆಣಿಗೆ. ಎಲೆಕ್ಟ್ರಿಶಿಯನ್ ಬಂದು ಬೋರ್ಡು ಬಿಚ್ಚಿ, ಒಂದು ತುಂಡನ್ನು ಹೊರಗೆಳೆದು, ನೋಡಿ ಅಂತ ನನ್ನ ಕೈಗೆ ಕೊಟ್ಟ. ಬೆರಳು ತಾಗಿದ ಕೂಡಲೇ ಹಪ್ಪಳದ ಚೂರಿನ ಹಾಗೆ ಉದುರಿತು. ಮೂಗಿನ ಹತ್ತಿರ ಹಿಡಿದೆ. ಸುಟ್ಟ ರಬ್ಬರು, ಹಳೆಯ ನೂಲು, ಧೂಳು, ಅದರ ಹಿಂದೆ ಒಂದಿಷ್ಟು ಎಣ್ಣೆಯ ಜಿಡ್ಡು...

ಸ್ವಿಚ್ ಬೋರ್ಡಿನಲ್ಲಿ ಎಣ್ಣೆಯ ಜಿಡ್ಡು ಎಲ್ಲಿಂದ ಬರಬೇಕು? ಅದು ಕಾರಿನದು. ಸಿವಿಲ್ ಲೈನ್ಸಿನ ಬಂಗಲೆಯ ಪೋರ್ಚಿನಲ್ಲಿ ನಿಂತಿರುತ್ತಿದ್ದ ಕಾರಿನದು. ಅದರ ಒಳಗೆ, ಸ್ಟೇರಿಂಗಿನ ಮುಂದೆ, ಸೆರಗು ಹೊದ್ದು ನೆಟ್ಟಗೆ ಕೂತಿರುತ್ತಿದ್ದ ಕಾಕೂ ನೆನಪಾದರು.

ಆಗ ನನಗೆ ಹತ್ತೊಂಬತ್ತು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಕ್ರೋಷಾ ಹಾಕುವುದು, ಮೇಜಿನ ಮೇಲೆ ಮೊಣಕೈ ಊರದೆ ಊಟ ಮಾಡುವುದು, ದೊಡ್ಡವರ ಮಾತಿನ ನಡುವೆ ಬಾಯಿ ಹಾಕದಿರುವುದು, ಇಷ್ಟನ್ನು ಕಲಿತು, ಮದುವೆಯಾಗಿ ನಾಗಪುರಕ್ಕೆ ಬಂದಿದ್ದೆ. ನಮ್ಮವರು ಒಂದು ಸರ್ಕಾರಿ ಕಚೇರಿಯಲ್ಲಿದ್ದರು. ಅವರ ಮೇಲಧಿಕಾರಿ ಧಾರವಾಡದ ಕಡೆಯವರು. ಕನ್ನಡದ ಹುಡುಗ ಅಂತ ತಮ್ಮ ಬಂಗಲೆಯ ಹಿಂದಿನ ಔಟ್‌ಹೌಸಿನ ಎರಡು ಕೋಣೆ ನಮಗೆ ಬಿಟ್ಟುಕೊಟ್ಟಿದ್ದರು. ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಅವರ ಹೆಂಡತಿಯನ್ನು ಅಲ್ಲಿಯ ರೂಢಿಯಂತೆ ನಾನು ಕಾಕೂ, ಅಂದರೆ ಚಿಕ್ಕಮ್ಮ, ಅಂತ ಕರೆದೆ. ಅವರಿಗೆ ಮಕ್ಕಳಿರಲಿಲ್ಲ. ಒಂದು ಮುದಿ ನಾಯಿ ಇತ್ತು, ಮತ್ತೆ ಈ ಕಾರು.

ಯುದ್ಧಕ್ಕೆ ಮುಂಚಿನ ವಿಲಾಯತಿ ಕಾರು. ದೇಶ ಬಿಟ್ಟು ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬನಿಂದ ಕೊಂಡದ್ದು. ಮೈ ಕಡುಗೆಂಪು, ಮಡ್‌ಗಾರ್ಡು ಕಪ್ಪು. ಸ್ಟೇರಿಂಗಿನ ಮುಂದೆ ಮೆರುಗೆಣ್ಣೆ ಹಚ್ಚಿದ ಮರದ ಹಲಗೆ, ಅದರಲ್ಲಿ ಸಾಲಾಗಿ ಗಡಿಯಾರದಂಥ ಮೀಟರುಗಳು. ಪೆಟ್ರೋಲಿಗೊಂದು, ಎಣ್ಣೆಗೊಂದು, ನೀರಿನ ಬಿಸಿಗೊಂದು. ಎಲ್ಲಕ್ಕಿಂತ ಚಿಕ್ಕದು ಕರೆಂಟಿನದು. ಅದರ ಮುಳ್ಳು ನಟ್ಟ ನಡುವೆ ಸೊನ್ನೆಯ ಮೇಲೆ ನಿಂತಿರುತ್ತದೆ. ಬಲಕ್ಕೆ ಹೋದರೆ ಪ್ಲಸ್, ಎಂಜಿನ್ನಿನ ಪಕ್ಕದ ಡೈನಮೊ ಬ್ಯಾಟರಿಯನ್ನು ತುಂಬಿಸುತ್ತಿದೆ ಅಂತ ಅರ್ಥ. ಎಡಕ್ಕೆ ಹೋದರೆ ಮೈನಸ್, ಬ್ಯಾಟರಿ ಖಾಲಿಯಾಗುತ್ತಿದೆ. ಇದನ್ನೆಲ್ಲ ಕಾನ್ವೆಂಟಿನಲ್ಲಿ ಕಲಿಸಿರಲಿಲ್ಲ. ಹೇಳಿಕೊಟ್ಟವರು ಕಾಕೂ.

ಆ ಕಾರಿಗೆ ಒಂದು ಕಾಯಿಲೆ ಹತ್ತಿತ್ತು. ಚಾರ್ಜು ಮಾಡಿಸಿ ತಂದ ಬ್ಯಾಟರಿ ವಾರ ಮುಗಿಯುವುದರೊಳಗೆ ಸತ್ತಿರುತ್ತಿತ್ತು. ದೀಪ ಅರಿಶಿನದ ನೀರಿನ ಹಾಗೆ ಮಂಕಾಗುತ್ತಿತ್ತು, ಹಾರನ್ನು ಕೆಮ್ಮುತ್ತಿತ್ತು, ಬೆಳಿಗ್ಗೆ ಜವಾನರು ದೂಡಬೇಕಾಗುತ್ತಿತ್ತು. ಪ್ರತಿ ಭಾನುವಾರ ಸ್ನಾನ, ಪೂಜೆ, ಫಲಾಹಾರ ಮುಗಿಸಿ ಸಾಹೇಬರು ಬಾನೆಟ್ಟು ಎತ್ತುತ್ತಿದ್ದರು. ನಾಗಪುರದ ಬೇಸಿಗೆಗೆ ವೈರಿನ ಮೇಲಿನ ರಬ್ಬರು ಬೆಂದು ಬಿರುಕು ಬಿಟ್ಟಿತ್ತು. ಎಲ್ಲೋ ಒಂದು ಕಡೆ ಕರೆಂಟು ಸೋರುತ್ತಿದೆ ಅಂತ ಅವರ ತರ್ಕ. ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿಕೊಂಡು, ಒಂದೊಂದೇ ವೈರಿಗೆ ಹಿಡಿದು, ಬಲ್ಬು ಹತ್ತುತ್ತದೋ ಇಲ್ಲವೋ ನೋಡುತ್ತಿದ್ದರು. ಒಂದು ವೈರನ್ನು ಕಳಚಿದರೆ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. "ಒಂದು ಸಲಕ್ಕ ಒಂದ ಬದಲಾಯಿಸಬೇಕು. ಅಂದ್ರನ ಫಾಲ್ಟ್ ಸಿಗ್ತದ," ಎಂದು ನಮ್ಮವರಿಗೆ ಪಾಠ ಹೇಳುತ್ತಿದ್ದರು. ಅಷ್ಟು ತಾಳ್ಮೆಯ ಮನುಷ್ಯನನ್ನು ನಾನು ನೋಡಿರಲಿಲ್ಲ. ಜಿಡ್ಡು ಹತ್ತಿದ ವೈರನ್ನು ಮೆತ್ತಗೆ ಎತ್ತಿ, ಬಟ್ಟೆಯಿಂದ ಒರೆಸಿ, ಬಿಸಿಲಿಗೆ ಹಿಡಿದು, "ಬಾರಪಾ, ಹೇಳು ನನಗ, ಎಲ್ಲೆ ನೋಯ್ತದ?" ಎಂದು ಮಾತಾಡಿಸುತ್ತಿದ್ದರು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಬಾನೆಟ್ಟಿನ ಕೆಳಗೆ, ಇನ್ನೊಬ್ಬರು ಒಳಗೆ ಕೂತು ಮುಳ್ಳು ನೋಡಿ ಹೇಳಬೇಕು. ಜವಾನರನ್ನು ಸಾಹೇಬರು ಆ ಸೀಟಿನ ಮೇಲೆ ಕೂರಿಸುತ್ತಿರಲಿಲ್ಲ. ಹೀಗಾಗಿ ಮದುವೆಯಾದ ಹೆಂಡತಿಗೆ ಆ ಕೆಲಸ. ಸಾಹೇಬರು ಕೈಯಿಂದ ಎಂಜಿನ್ನಿಗೆ ಪೆಟ್ರೋಲು ಬಿಡುವ ಸರಳು ಎಳೆದರೆ ಕಾರು ಗುರ್ ಎನ್ನುತ್ತಿತ್ತು.

"ಮುಳ್ಳು ಯಾ ಕಡೆ ಅದ?"

"ಪ್ಲಸ್ ಅದ ರೀ."

"ಎಷ್ಟು?"

"ಹತ್ತರ ಹತ್ರ ಅದ ನೋಡ್ರಿ."

"ನೋಡೀ ಹೇಳ್ತೀಯೋ, ನಿದ್ದೀಗಣ್ಣಾಗ ಹೇಳ್ತೀಯೋ? ಮೊನ್ನೆ ಪೆಟ್ರೋಲ್ ಅರ್ಧ ಅದ ಅಂದಿ. ಸೀತಾಬರ್ಡಿಯೊಳಗ ನಡುರಸ್ತೆದಾಗ ನಿಂದ್ರಿಸ್ತು. ನಿಮ್ಮಪ್ಪ ನಿನ್ನ ಸಾಲಿಗೆ ಕಳಸೂ ಬದಲಿ ಎಮ್ಮಿ ಕಾಯ್ಲಿಕ್ಕೆ ಹಚ್ಚಿದ್ರ ಅದಾದ್ರೂ ಬರ್ತಿತ್ತು."

ಮಾಲಿ, ಅಡಿಗೆಯವನು, ಎಲ್ಲರೂ ಅಲ್ಲೇ ಇರುತ್ತಿದ್ದರು. ಕಾಕೂ ಮುಗುಳ್ನಗುತ್ತ ಮುಂದೆ ನೋಡುತ್ತಿದ್ದರು. ನಾನು ಆ ಹೊತ್ತಿಗೆ ಚಹಾದ ಟ್ರೇ ಹಿಡಿದು ಹೋಗುತ್ತಿದ್ದೆ. ಸಾಹೇಬರು ನನ್ನನ್ನು "ಏ ಕಾನ್ವೆಂಟ್" ಅಂತ ಕರೆಯುತ್ತಿದ್ದರು. ಅದನ್ನು ಪ್ರೀತಿ ಅಂತಲೇ ತಿಳಿಯಬೇಕೆಂದು ನಮ್ಮವರು ಹೇಳಿದ್ದರು.

ಕಾಕೂ ಅವರ ಸಣ್ಣಪುಟ್ಟ ರೀತಿಗಳು ಬಂದ ಹೊಸದರಿಂದಲೇ ನನ್ನ ಕಣ್ಣಿಗೆ ಬಿದ್ದಿದ್ದವು. ಕುಂಕುಮ ಹುಬ್ಬಿನ ನಡುವೆ ಇರದೆ ಒಂದು ಎಳ್ಳುಕಾಳಿನಷ್ಟು ಆಚೆ ಇರುತ್ತಿತ್ತು. ಚಹಾ ಸುರಿಯುವಾಗ ಕಪ್ಪಿನ ಅಂಚಿನೊಳಗೆ ಬೆರಳ ತುದಿ ಇಟ್ಟಿರುತ್ತಿದ್ದರು, ಬಿಸಿ ತಾಗಿದಾಗ ನಿಲ್ಲಿಸುತ್ತಿದ್ದರು. ಅಕ್ಕಿ ಆರಿಸುವಾಗ ಮೊರ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದರು, ಬೆರಳು ತಾವಾಗಿ ಕಲ್ಲು ಹೆಕ್ಕುತ್ತಿದ್ದವು. ಅದು ಅವರ ಕಡೆಯ ಪದ್ಧತಿ ಇರಬೇಕು ಅಂದುಕೊಂಡಿದ್ದೆ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಕ್ರೋಷಾದ ಕೆಲಸ ತೆಗೆದುಕೊಂಡು ಅವರ ಹತ್ತಿರ ಕೂತಿದ್ದೆ. ನೀಲಿ ದಾರದಲ್ಲಿ ಒಂದು ಟ್ರೇ ಕ್ಲಾತು ಹಾಕಿಕೊಡುತ್ತೇನೆ ಅಂತ ಅವರಿಗೆ ಮೊದಲೇ ಹೇಳಿದ್ದೆ. ನೀಲಿ ಸಿಗದೆ ನಮ್ಮವರು ಬಿಳಿ ದಾರ ತಂದಿದ್ದರು. ಕಾಕೂ ಅದನ್ನು ತೊಡೆಯ ಮೇಲೆ ಹರಡಿ, ಹೂವಿನ ಅಂಚನ್ನು ಸವರಿ, "ಈ ನೀಲಿ ಭಾಳ ಛಂದ ಕಾಣ್ತದ ತಂಗಿ," ಅಂದರು.

ದಾರ ಸುತ್ತುತ್ತಿದ್ದ ನನ್ನ ಬಳೆಯ ಸದ್ದು ನಿಂತದ್ದರಿಂದಲೇ ಅವರಿಗೆ ತಿಳಿಯಿತು. ಬೆರಳು ಅಲ್ಲೇ ನಿಂತವು.

"ನೀಲಿ ಅಲ್ಲೇನು?"

"ಬಿಳಿದು ಕಾಕೂ."

ಅಂಚನ್ನು ಇನ್ನೊಮ್ಮೆ ಸವರಿದರು. ಆಮೇಲೆ ಸಣ್ಣಗೆ ನಕ್ಕರು. "ನೋಡು, ಬಣ್ಣಾನೂ ಹೋತು."

"ಯಾವಾಗಿಂದ ಹೀಗೆ?"

"ಮೊದಲ ಮಂಜು ಬಿದ್ದಂಗ ಇತ್ತು. ಈಗ ನಿನ್ನ ಮುಖಾ ಎಲ್ಲದ ಅಂತ ತಿಳೀತದ, ಮೂಗುತಿ ಕಾಣೂದಿಲ್ಲ."

"ಸಾಹೇಬರಿಗೆ ಹೇಳಬೇಕಲ್ವಾ? ದೊಡ್ಡಾಸ್ಪತ್ರೆಯಲ್ಲಿ ಕಣ್ಣಿನ ಆಪರೇಶನ್ ಮಾಡ್ತಾರಂತೆ..."

ಅವರು ನನ್ನ ಬಾಯಿ ಮುಚ್ಚಿದರು. ಕೈ ಮೊದಲು ಗಲ್ಲಕ್ಕೆ ತಾಗಿ, ಆಮೇಲೆ ತುಟಿಗೆ ಬಂತು. "ಹೇಳಬ್ಯಾಡ. ನಾಯಿ ಏನಾತು ನೋಡಿದಿಲ್ಲೊ?"

ನೋಡಿದ್ದೆ. ಆ ವರ್ಷ ಭಾಷಾವಾರು ರಾಜ್ಯಗಳಾಗಿ, ನಾಗಪುರದಿಂದ ರಾಜಧಾನಿ ಭೋಪಾಳಕ್ಕೆ ಹೋಗುವುದೆಂದು, ಕಚೇರಿಗಳೂ ಅಲ್ಲಿಗೇ ಎಂದು ಆಗಿತ್ತು. ಸಿವಿಲ್ ಲೈನ್ಸಿನ ಎಲ್ಲ ಬಂಗಲೆಗಳಲ್ಲಿ ಗಂಟುಮೂಟೆಯ ಗದ್ದಲ. ಸಾಹೇಬರು ತಮ್ಮ ಕಾರನ್ನು ತಾವೇ ನಡೆಸಿಕೊಂಡು ಭೋಪಾಳಕ್ಕೆ ಹೋಗುವವರು. ಕೆಟ್ಟ ಸಾಮಾನು ಒಂದೂ ತಮ್ಮ ಸಂಗಡ ಬರಕೂಡದು ಎಂದು ಹೇಳಿ ವರಾಂಡದ ಮೂಲೆಯಲ್ಲಿ ರಾಶಿ ಹಾಕಿಸುತ್ತಿದ್ದರು. ನಿಂತ ಗಡಿಯಾರ, ಸೀಳಿದ ಭರಣಿ, ಒಂದು ಕಾಲು ಕುಂಟುವ ಕುರ್ಚಿ. ನಾಯಿಗೆ ಕಿವಿ ಕೇಳದಾಗಿತ್ತು. ಕರೆದರೆ ಬರುವುದಿಲ್ಲ ಅಂತ ಅದನ್ನು ಟಾಂಗಾದಲ್ಲಿ ಹಾಕಿಸಿ ಊರ ಹೊರಗಿನ ವಾಡಿಯೆಂಬ ಹಳ್ಳಿಯ ಆಚೆ ಅಮರಾವತಿ ರಸ್ತೆಯಲ್ಲಿ ಬಿಡಿಸಿಬಂದರು. ಅದು ಹೇಗೋ ಕುಂಟುತ್ತ ತಿರುಗಿ ಬಂದು ಕಾರಿನ ಕೆಳಗೆ ಮಲಗಿತ್ತು. ಮರುದಿನ ಇನ್ನೂ ದೂರ ಕಳಿಸಿದರು.

"ಭೋಪಾಳಕ್ಕ ಮುಟ್ಟಿಬಿಡ್ಲಿ," ಅಂದರು ಕಾಕೂ. "ಅಲ್ಲೆ ಹೋದ ಮ್ಯಾಲೆ ಹೇಳ್ತೀನಿ. ಅಲ್ಲಿಂದ ಹೊಳ್ಳಿ ಕಳಸ್ಲಿಕ್ಕೆ ದೂರ ಆಗ್ತದ. ಇಲ್ಲೆ ಗೊತ್ತಾತಂದ್ರ ಗದಗಿಗೆ ಅಣ್ಣನ ಮನೀಗೆ ಕಳಿಸಿಬಿಡ್ತಾರ. ಅಣ್ಣನ ಹೇಣತಿ ಮೊದಲ ಬಾಗಲಾ ತಗೀಲಿಕ್ಕೆ ಹಿಂದಮುಂದ ನೋಡೂ ಪೈಕಿ. ಕುರುಡೀನ ಯಾರ ಇಟ್ಕೋತಾರ?"

"ಮತ್ತೆ ಭಾನುವಾರ ಮುಳ್ಳು ಹೇಗೆ ನೋಡ್ತೀರಿ?"

"ಕಿವೀಲೆ," ಅಂದರು. ಆ ಒಂದು ಮಾತಿನಲ್ಲಿ ಎಂಥದೋ ಹೆಮ್ಮೆ ಇತ್ತು. "ಕಣ್ಣಿದ್ದಾಗ ಲಕ್ಷ್ಯ ಇಟ್ಟು ಕೇಳೀನಿ. ಎಂಜಿನ್ನಿನ ದನಿ ಏರಿತಂದ್ರ ಪ್ಲಸ್. ಇಳೀತಂದ್ರ ನಡುವ ಬರ್ತದ. ಎಂಜಿನ್ ಬಂದ್ ಮಾಡಿ ದೀಪ ಹಚ್ಚಿದ್ರ ಮೈನಸ್. ಅದೇನು ದೊಡ್ಡ ಮಾತು? ಈಸು ತಿಂಗಳು ಒಮ್ಮೆನೂ ಗೊತ್ತಾಗಿಲ್ಲ ಅವರಿಗೆ."

ಮುಂದಿನ ಭಾನುವಾರ ಟ್ರೇ ಹಿಡಿದು ಕಾರಿನ ಹಿಂದಿನಿಂದ ಹೋಗಿ, ಸಾಹೇಬರಿಗೆ ಕಾಣದ ಹಾಗೆ ಕಿಟಕಿಯಲ್ಲಿ ಇಣುಕಿ, ಮೊದಲ ಸಲ ಆ ಮೀಟರನ್ನು ಸರಿಯಾಗಿ ನೋಡಿದೆ. ಸಾಹೇಬರು ಸರಳು ಎಳೆದರು. ಎಂಜಿನ್ನು ಜೋರಾಗಿ ಕೂಗಿತು. "ಮುಳ್ಳು ಯಾ ಕಡೆ ಅದ?" "ಪ್ಲಸ್ ಅದ ರೀ." ಮುಳ್ಳು ಬಲಕ್ಕೆ ಹೋಗಿರಲಿಲ್ಲ. ಎಡಕ್ಕೆ ಒರಗಿಕೊಂಡು ಸಣ್ಣಗೆ ನಡುಗುತ್ತಿತ್ತು.

ಸೋರುತ್ತಿದ್ದದ್ದು ಯಾವ ವೈರೂ ಅಲ್ಲ. ಡೈನಮೊ ಸತ್ತಿತ್ತು. ಎಂಜಿನ್ನಿನ ದನಿ ಎಷ್ಟು ಏರಿದರೂ ಅದು ಬ್ಯಾಟರಿಗೆ ಏನೂ ಕೊಡುತ್ತಿರಲಿಲ್ಲ. ಆದರೆ ಒಳಗಿನಿಂದ ಪ್ರತಿ ವಾರ "ಪ್ಲಸ್" ಅಂತ ಉತ್ತರ ಬರುತ್ತಿತ್ತಲ್ಲ, ಅದಕ್ಕೆ ಸಾಹೇಬರು ಡೈನಮೊ ಬಿಟ್ಟು ಮಿಕ್ಕಿದ್ದನ್ನೆಲ್ಲ ಬಿಚ್ಚಿದ್ದರು. ಬ್ಯಾಟರಿ ಬದಲಿಸಿದ್ದರು. ಆ ಕಾರಿನ ಅರ್ಧ ವೈರು ಹೊಸದಾಗಿ ಎಳೆದಿದ್ದರು.

ಇದನ್ನು ಹೇಳಿದಾಗ ಕಾಕೂ ಅವರ ಮುಖ ಸಣ್ಣದಾಯಿತು. ಹಾಗಾದರೆ ನಾನೇ ಹೇಳಿಕೊಡುತ್ತೇನೆ ಅಂದೆ. ಕಿಟಕಿಯ ಮೇಲೆ ಅವರು ಕೈ ಇಟ್ಟುಕೊಂಡಿರುವುದು, ಟ್ರೇಯ ಮರೆಯಲ್ಲಿ ನಾನು ಬೆರಳು ಒತ್ತುವುದು. ಕಿರುಬೆರಳು ಒತ್ತಿದರೆ ಪ್ಲಸ್, ಹೆಬ್ಬೆರಳಾದರೆ ಮೈನಸ್, ನಡುಬೆರಳಾದರೆ ಸೊನ್ನೆ. ಹುಡುಗಿಯರ ಹಾಗೆ ಇಬ್ಬರೂ ಅಡಿಗೆಮನೆಯಲ್ಲಿ ಅಭ್ಯಾಸ ಮಾಡಿ ನಕ್ಕೆವು.

ಮರು ಭಾನುವಾರ ಎಂಜಿನ್ನು ಕೂಗಿದಾಗ ನಾನು ಹೆಬ್ಬೆರಳು ಒತ್ತಿದೆ.

"ಮೈನಸ್ ಅದ ರೀ," ಅಂದರು ಕಾಕೂ.

ಬಾನೆಟ್ಟಿನ ಆಚೆ ಸದ್ದು ನಿಂತಿತು. ಸಾಹೇಬರು ತಲೆ ಎತ್ತಿ ನೋಡಿದರು. "ಏನಂದಿ?"

"ಎಡಕ್ಕ ಅದ ರೀ. ಮೈನಸ್."

ಇನ್ನೊಂದು ಸಲ ಸರಳು ಎಳೆದರು, ಇನ್ನೊಂದು ಸಲ ಕೇಳಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಮೊದಲು ಹೆಂಡತಿಯನ್ನು, ಆಮೇಲೆ ನನ್ನನ್ನು, ಆಮೇಲೆ ನನ್ನ ಟ್ರೇಯನ್ನು ನೋಡಿದರು. ಬೈಯಲಿಲ್ಲ. ಅವರು ಬೈಯದೆ ಮುಗಿದ ಮೊದಲ ಭಾನುವಾರ ಅದು. ಸಂಜೆ ಕಾಕೂ ನನಗೆ ಒಂದು ಬಟ್ಟಲು ಶಿರಾ ಕಳಿಸಿದರು.

ಅದರ ಮುಂದಿನ ಭಾನುವಾರ ನಾನು ಹೊರಗೆ ಕೂತಿದ್ದೆ. ಆ ಬಂಗಲೆಯಲ್ಲಿ ಮಡಿ ಬಹಳ. ತಿಂಗಳ ಆ ಮೂರು ದಿನ ನಾನು ಔಟ್‌ಹೌಸಿನ ಹಿಂದಿನ ಕೋಣೆ ಬಿಟ್ಟು ಬರುವ ಹಾಗಿರಲಿಲ್ಲ, ಯಾರನ್ನೂ ಮುಟ್ಟುವ ಹಾಗಿರಲಿಲ್ಲ. ಕಾಕೂ ಹೆದರಲಿಲ್ಲ. ಬಾಗಿಲಿನಾಚೆ ದೂರ ನಿಂತು, "ಡೈನಮೊ ರಿಪೇರಿ ಆತಂತ," ಎಂದು ಹೇಳಿಹೋದರು. "ನಿನ್ನೆ ಊಟಕ್ಕ ಕೂತಾಗ ಅವರ ಹೇಳಿದ್ರು. ಇನ್ನ ನನ್ನ ಕಿವೀನ ಸಾಕು." ಕೋಣೆಯ ಕಿಟಕಿಯಿಂದ ಪೋರ್ಚು ಕಾಣುತ್ತಿತ್ತು. ಕಾರು ಕೂಗಿತು. ಸಾಹೇಬರ ಪ್ರಶ್ನೆ ಕೇಳಿಸಿತು. ಕಾಕೂ ಅವರ ದನಿ ಎಂದಿಗಿಂತ ಗಟ್ಟಿಯಾಗಿತ್ತು. "ಪ್ಲಸ್ ಅದ ರೀ. ಹತ್ತರ ಮ್ಯಾಲೆ ಹೋಗೇದ."

"ಭೇಷ್," ಅಂದರು ಸಾಹೇಬರು.

ಆ ವಾರವಿಡೀ ಅವರು ಹೆಂಡತಿಯೊಡನೆ ಮೆತ್ತಗೆ ಮಾತಾಡಿದರು. ಮಾರ್ಕೆಟ್ಟಿನಿಂದ ಸಂತ್ರಾ ಬುಟ್ಟಿ ತಂದು, ತಾವೇ ಒಂದು ಸುಲಿದು, ತೊಳೆ ಬಿಡಿಸಿ ಅವರ ಕೈಯಲ್ಲಿಟ್ಟರಂತೆ. ಕಾಕೂ ಅದನ್ನು ನನಗೆ ಹೇಳುವಾಗ ಮದುವಣಗಿತ್ತಿಯ ಹಾಗೆ ಸೆರಗಿನ ತುದಿ ಸುತ್ತುತ್ತಿದ್ದರು. "ಗಾಡಿ ನೆಟ್ಟಗಾತಲ್ಲ, ಅದಕ್ಕ ಸಮಾಧಾನ ಆಗೇದ ಅವರಿಗೆ. ಮುಂದಿನ ರವಿವಾರ ನಾಕು ಮಂದೀನ ಊಟಕ್ಕ ಕರದಾರ. ಗಾಡಿ ತೋರಸ್ಬೇಕಂತ," ಅಂದರು.

ಇಬ್ಬರು ಅಧಿಕಾರಿಗಳು ಹೆಂಡತಿಯರ ಜೊತೆ ಬಂದರು. ನಮ್ಮವರೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ವರಾಂಡದಲ್ಲಿ ನಿಂತಿದ್ದರು. ಯಾರನ್ನು ಭೋಪಾಳಕ್ಕೆ ಕರೆದೊಯ್ಯಬೇಕೆಂಬುದು ಸಾಹೇಬರ ಕೈಯಲ್ಲಿತ್ತು. ಕಾಕೂ ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಕಾರಿನ ಬಾಗಿಲು ಸವರಿ ಹಿಡಿಕೆ ಹುಡುಕಿ, ಒಳಗೆ ಕೂತರು. ನಾನು ಟ್ರೇ ಹಿಡಿದು ಮೆಟ್ಟಿಲು ಇಳಿಯುತ್ತಿದ್ದೆ.

"ಏ ಕಾನ್ವೆಂಟ್, ನೀ ಇವತ್ತು ಅಲ್ಲೇ ನಿಂದ್ರು," ಅಂದರು ಸಾಹೇಬರು. "ಬಂದವರಿಗೆ ಚಹಾ ಕೊಡು."

ಎಂಜಿನ್ನು ಹೊತ್ತಿತು. ಅವರು ಸರಳು ಎಳೆದರು, ಅತಿಥಿಗಳ ಕಡೆ ತಿರುಗಿ ನಕ್ಕರು. ಆಮೇಲೆ ಕೋಟಿನ ಜೇಬಿನಿಂದ ಏನೋ ತೆಗೆದು ಅಂಗೈ ಮೇಲೆ ಇಟ್ಟುಕೊಂಡು ಎಲ್ಲರಿಗೂ ತೋರಿಸಿದರು. ದುಂಡಗಿತ್ತು. ಬಿಸಿಲಿಗೆ ಅದರ ಗಾಜು ಒಮ್ಮೆ ಮಿಂಚಿತು. ಅದೇನೆಂದು ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು. ಆ ಮೀಟರು. ಹಿಂದಿನ ದಿನವೇ ಹಲಗೆಯಿಂದ ಕಳಚಿ, ವೈರಿನ ಎರಡು ತುದಿಗಳನ್ನು ಒಂದಕ್ಕೊಂದು ಜೋಡಿಸಿ ಇಟ್ಟಿದ್ದರು. ಕಾಕೂ ಅವರ ಮುಂದೆ, ಮುಳ್ಳು ಇರಬೇಕಾದ ಜಾಗದಲ್ಲಿ, ಬರೀ ತೂತು ಇತ್ತು.

"ಕಾಕೂ..." ಎಂದು ನಾನು ಒಂದು ಹೆಜ್ಜೆ ಇಟ್ಟೆ. ನಮ್ಮವರು ನನ್ನ ಮುಂಗೈ ಹಿಡಿದರು. ಟ್ರೇಯ ಮೇಲೆ ಕಪ್ಪುಗಳು ಗಲಗಲ ಅಂದವು. ಎಂಜಿನ್ನಿನ ಸದ್ದಿನಲ್ಲಿ ನನ್ನ ದನಿ ಅಲ್ಲಿಗೆ ಹೋಗಲಿಲ್ಲ.

"ಮುಳ್ಳು ಯಾ ಕಡೆ ಅದ?"

"ಪ್ಲಸ್ ಅದ ರೀ."

"ಎಷ್ಟು?"

"ಹತ್ತರ ಮ್ಯಾಲೆ ಅದ."

"ಬರೋಬರ್ ನೋಡಿ ಹೇಳು. ಮಂದಿ ಕೇಳ್ಲಿಕ್ಕೆ ಹತ್ಯಾರ."

"ಬರೋಬರ್ ಅದ ರೀ," ಅಂದರು ಕಾಕೂ. ಬಂದವರಿಗಾಗಿ ದನಿ ಏರಿಸಿ, ತುಂಬ ಸಂತೋಷದಿಂದ, "ಮುಳ್ಳು ಗಟ್ಟಿ ನಿಂತದ, ಅಳ್ಳಾಡವಲ್ತು."

ಒಬ್ಬ ಅಧಿಕಾರಿ ಮೊದಲು ನಕ್ಕ. ಅವನ ಹೆಂಡತಿ "ಅರೇರೇ" ಎಂದು ಸೆರಗು ಬಾಯಿಗೆ ಹಿಡಿದಳು, ಹಿಡಿದೂ ನಕ್ಕಳು. ಸಾಹೇಬರು ಎಂಜಿನ್ನು ಬಂದ್ ಮಾಡಿ ಕಿಟಕಿಯ ಹತ್ತಿರ ಹೋದರು.

"ಕೈ ಹಾಕಿ ನೋಡು," ಅಂದರು, ಬಹಳ ಮೆತ್ತಗೆ, ವೈರಿನ ಜೊತೆ ಮಾತಾಡುವ ದನಿಯಲ್ಲಿ.

ಕಾಕೂ ಅವರ ಬೆರಳು ಹಲಗೆಯ ಮೇಲೆ ಒಂದೊಂದೇ ಮೀಟರಿನ ಗಾಜನ್ನು ಮುಟ್ಟುತ್ತ ಹೋದವು. ಪೆಟ್ರೋಲು. ಎಣ್ಣೆ. ನೀರು. ಆಮೇಲೆ ಗಾಜು ಇರಲಿಲ್ಲ. ಬೆರಳು ತೂತಿನೊಳಗೆ ಹೋಗಿ, ಅಲ್ಲಿಯ ವೈರುಗಳ ನಡುವೆ ನಿಂತವು. ಅವರು ಕೈ ಹೊರಗೆ ತೆಗೆಯಲಿಲ್ಲ. ಮುಖದ ಮೇಲಿನ ಆ ಮುಗುಳ್ನಗೆ, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಹಾಗೇ ಇತ್ತು.

"ಫಾಲ್ಟ್ ಸಿಕ್ತು," ಎಂದು ಸಾಹೇಬರು ಈ ಕಡೆ ತಿರುಗಿದರು. ಆಮೇಲೆ ಇಂಗ್ಲಿಷಿನಲ್ಲಿ, ಪಾಠ ಹೇಳುವ ಹಾಗೆ ವಿವರಿಸಿದರು. ಮೊದಲು ಪ್ಲಸ್ ಅಂದಳು, ಆ ಹುಡುಗಿ ಪಕ್ಕ ನಿಂತಾಗ ಮೈನಸ್ ಅಂದಳು. ಎರಡು ಭಾನುವಾರದ ನಡುವೆ ವೈರು ಬದಲಾಗಿರಲಿಲ್ಲ, ಚಹಾ ತರುವವಳು ಹತ್ತಿರ ನಿಂತಿದ್ದಳು, ಅಷ್ಟೇ. ಡೈನಮೊ ರಿಪೇರಿಯಾಯಿತು ಅಂತ ಸುಮ್ಮನೆ ಒಂದು ಸುಳ್ಳು ಹೇಳಿ ನೋಡಿದೆ, ಹುಡುಗಿ ಇಲ್ಲದಾಗ ಮತ್ತೆ ಪ್ಲಸ್ ಅಂದಳು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು... ಆ ಅಧಿಕಾರಿಗಳು ಮೆಚ್ಚಿ ತಲೆಯಾಡಿಸಿದರು.

ನಮ್ಮವರೂ ನಕ್ಕರು. ಜೋರಾಗಿ ಅಲ್ಲ. ಸಾಹೇಬರಿಗೆ ಕಾಣುವಷ್ಟು. ಅವರ ಜೊತೆ ಆಮೇಲೆ ಎಷ್ಟೋ ವರ್ಷ ಸಂಸಾರ ಮಾಡಿದೆ, ಒಳ್ಳೆಯ ಗಂಡ ಅಂತಲೇ ಎಲ್ಲರೂ ಹೇಳುತ್ತಿದ್ದರು. ಆ ನಗೆ ಮಾತ್ರ ಅವರ ಮುಖದಿಂದ ನನಗೆ ಕೊನೆಗೂ ಅಳಿಸಿಹೋಗಲಿಲ್ಲ.

ಊಟಕ್ಕೆ ಕಾಕೂ ತಾವೇ ಬಡಿಸಿದರು. ಒಂದು ಪೂರಿಯೂ ಎಲೆಯಾಚೆ ಬೀಳಲಿಲ್ಲ, ಒಂದು ಹನಿ ಸಾರೂ ಚೆಲ್ಲಲಿಲ್ಲ. ಅತಿಥಿಗಳು ಅವರ ಕೈಯನ್ನೇ ನೋಡುತ್ತಿದ್ದರು, ಎಲ್ಲಿಯಾದರೂ ತಪ್ಪೀತೇನೋ ಎಂದು ಕಾಯುವ ಹಾಗೆ.

ಗದಗಿನಿಂದ ಕಾಕೂ ಅವರ ಅಣ್ಣ ಬಂದರು. ಬಡಪಾಯಿ ಮನುಷ್ಯ, ಸಾಹೇಬರೆದುರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಸಾಹೇಬರು ಒಂದು ಟ್ರಂಕು ಕಟ್ಟಿಸಿ ವರಾಂಡದಲ್ಲಿ ಇಡಿಸಿದ್ದರು, ಆ ಕೆಟ್ಟ ಸಾಮಾನಿನ ರಾಶಿಯ ಪಕ್ಕದಲ್ಲೇ. ನಾನು ಹೋದಾಗ ಕಾಕೂ ಅದರ ಮೇಲೆ ಕೂತಿದ್ದರು.

"ತಂಗೀ, ನಿನ್ನ ನೀಲಿ ಕ್ರೋಷಾ ಮುಗೀತೇನು?" ಅಂದರು.

ತಂದಿದ್ದೆ. ತೊಡೆಯ ಮೇಲೆ ಹರಡಿದೆ. ಅವರು ಅಂಚು ಸವರಿ, "ಛಲೋ ಬಂದದ," ಎಂದು ನಕ್ಕರು. "ಆದ್ರ ಇದು ಬಿಳೇದು ನೋಡು. ನನಗ ಕಾಣ್ತದ." ಆ ನಗೆ ಅರ್ಧದಲ್ಲೇ ಕೆಟ್ಟಿತು. ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ಟಾಂಗಾ ಬಂದಾಗ ಸಾಹೇಬರು ಬಾನೆಟ್ಟಿನ ಕೆಳಗಿದ್ದರು. "ನಾ ಬರ್ತೀನ್ರಿ," ಎಂದು ಕಾಕೂ ಆ ಸದ್ದು ಬಂದ ಕಡೆ ತಿರುಗಿ ಹೇಳಿದರು. ಸ್ಪ್ಯಾನರಿನ ಸದ್ದು ಒಂದು ಗಳಿಗೆ ನಿಂತಿತು, ಮತ್ತೆ ಸುರುವಾಯಿತು.

ಡೈನಮೊದಲ್ಲಿ ಕೆಟ್ಟಿದ್ದು ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಸವೆದ ಒಂದು ಇದ್ದಲಿನ ತುಂಡು, ಕಾರ್ಬನ್ ಬ್ರಷ್ ಅನ್ನುತ್ತಾರೆ. ಅದನ್ನು ಬದಲಾಯಿಸಿದರು, ಅಷ್ಟೆ. ಮೀಟರು ಮತ್ತೆ ತೂತಿನಲ್ಲಿ ಕೂತಿತು. ಅದಾದ ಭಾನುವಾರ ಸಾಹೇಬರು ನಮ್ಮ ಬಾಗಿಲಿಗೇ ಬಂದು, "ಏ ಕಾನ್ವೆಂಟ್, ಬಾ. ಕಣ್ಣಿದ್ದವರು ಒಬ್ಬರು ಬೇಕು," ಅಂದರು.

"ಹೋಗು, ಹೋಗು," ಅಂದರು ನಮ್ಮವರು.

ಹೋಗಿ ಕೂತೆ. ಚರ್ಮದ ಸೀಟು ಕಾಕೂ ಕೂತ ಜಾಗದಲ್ಲಿ ತಗ್ಗಾಗಿತ್ತು, ಮಲ್ಲಿಗೆಯ ಒಂದು ಒಣ ಎಸಳು ಹೊಲಿಗೆಯ ಸಂದಿನಲ್ಲಿ ಸಿಕ್ಕಿತ್ತು. ಎಂಜಿನ್ನು ಕೂಗಿತು. ಮುಳ್ಳು ಸರಕ್ಕನೆ ಬಲಕ್ಕೆ ಹೋಗಿ, ಹತ್ತನ್ನು ದಾಟಿ, ಗಟ್ಟಿಯಾಗಿ ನಿಂತಿತು. ಕಾಕೂ ಹೇಳಿದ ಹಾಗೆಯೇ.

"ಮುಳ್ಳು ಯಾ ಕಡೆ ಅದ?"

"ನನಗೆ ಕಾಣಿಸ್ತಾ ಇಲ್ಲ," ಅಂದೆ.

"ಏನು?"

"ಕಾಣಿಸ್ತಾ ಇಲ್ಲ, ಸಾಹೇಬರೇ."

ಅವರು ಬಾನೆಟ್ಟಿನ ಸಂದಿಯಿಂದ ನನ್ನನ್ನು ನೋಡಿದರು. ನಾನೂ ನೋಡಿದೆ. ದೊಡ್ಡವರನ್ನು ಹಾಗೆ ಎದುರಿಗೆ ದಿಟ್ಟಿಸಿ ನೋಡಬಾರದೆಂದು ಸಿಸ್ಟರುಗಳು ಕಲಿಸಿದ್ದರು. ಇಳಿದು, ಬಾಗಿಲನ್ನು ಸದ್ದಾಗದ ಹಾಗೆ ಹಾಕಿ, ಔಟ್‌ಹೌಸಿಗೆ ನಡೆದೆ. ನಮ್ಮವರು ವಾರಗಟ್ಟಲೆ ನನ್ನೊಡನೆ ಮಾತಾಡಲಿಲ್ಲ. ಭೋಪಾಳಕ್ಕೆ ಹೋದವರಲ್ಲಿ ನಾವು ಇರಲಿಲ್ಲ. ನಾಗಪುರದಲ್ಲೇ ಉಳಿದ ಒಂದು ಸಣ್ಣ ಕಚೇರಿಗೆ ನಮ್ಮವರನ್ನು ಹಾಕಿದರು. ನಾವು ಈ ಊರಿನವರೇ ಆಗಿಬಿಟ್ಟದ್ದು ಹೀಗೆ.

ಎಷ್ಟೋ ವರ್ಷದ ಮೇಲೆ, ಯಾರದೋ ಮನೆಯ ಅರಿಶಿನ ಕುಂಕುಮಕ್ಕೆ ಹೋದಾಗ, ಗದಗಿನ ಹೆಣ್ಣುಮಗಳೊಬ್ಬಳು ಸಿಕ್ಕಳು. ಅವಳು ಕಾಕೂ ಅವರ ಅಣ್ಣನ ಓಣಿಯವಳು. ಅಣ್ಣ ತಂಗಿಯನ್ನು ಮಿರಜಿಗೆ ಕರೆದೊಯ್ದು ಕಣ್ಣಿನ ಆಪರೇಶನ್ ಮಾಡಿಸಿದ್ದರಂತೆ. ಪೊರೆ ತೆಗೆದ ಮೇಲೆ, ದಪ್ಪ ಕನ್ನಡಕ ಹಾಕಿದರೆ ಸೂಜಿಗೆ ದಾರ ಪೋಣಿಸುವಷ್ಟು ಕಾಣುತ್ತಿತ್ತಂತೆ. ಈಗ ಕರೆದುಕೊಂಡು ಹೋಗಿ ಅಂತ ಭೋಪಾಳಕ್ಕೆ ಹೇಳಿಕಳಿಸಿದರು. ಇಲ್ಲಿ ಈಗ ಅದರ ಅವಶ್ಯಕತೆ ಇಲ್ಲ ಎಂದು ಉತ್ತರ ಬಂತು. "ಅತ್ತಿಗೀ ಕೈಯಾಗ ಭಾಳ ಅನಭೋಗಿಸಿದ್ರು ಪಾಪ. ದಿನಾ ಅಕ್ಕಿ ಆರಿಸೂದು, ಅವರ ಕಡೆ ಹಚ್ಚಿದ್ರು. ಈಗ ತೀರಿಹೋಗಿ ಭಾಳ ವರ್ಷ ಆತು," ಎಂದು ಆ ಹೆಣ್ಣುಮಗಳು ಕೋಸಂಬರಿಯ ದೊನ್ನೆ ನನ್ನ ಕೈಗಿಟ್ಟಳು. ಟ್ರೇ ಕ್ಲಾತಿನ ವಿಷಯ ಕೇಳಬೇಕೆಂದುಕೊಂಡೆ... ಅವರು ಅದರ ಬಿಳಿಯನ್ನು ಒಮ್ಮೆಯಾದರೂ ಕಣ್ಣಿನಿಂದ ನೋಡಿದರೋ ಏನೋ. ಅವಳಿಗೆ ಅದೆಲ್ಲಿ ಗೊತ್ತಿರಬೇಕು.

ಹೋದ ವಾರ ಎಲೆಕ್ಟ್ರಿಶಿಯನ್ ಹೊಸ ವೈರು ಹಾಕಿ, ಮೀಟರಿನ ಹತ್ತಿರ ಹೊರಗೆ ನಿಂತು ಕೂಗಿದ. "ಕಾಕೂ, ಲೈಟ್ ಆಲಾ ಕಾ?" ದೀಪ ಬಂತೇನು ಅಂತ ಕೇಳುತ್ತಿದ್ದ. ಸೊಸೆ ಬ್ಯಾಂಕಿಗೆ ಹೋಗಿದ್ದಳು, ಒಳಗೆ ನಿಂತು ಹೇಳುವುದಕ್ಕೆ ನಾನೇ ಇದ್ದದ್ದು. ನಡುಮನೆಯ ಕದ ಕಿಟಕಿ ಮುಚ್ಚಿತ್ತು. ಯಾಕೋ ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಸಣ್ಣಗೆ ಗುಂಯ್ ಅಂತ ಸದ್ದು ಸುರುವಾಗಿ, ಏರುತ್ತ ಹೋಯಿತು.

"ಆಲಾ," ಎಂದು ಕೂಗಿದೆ, ಬಹಳ ಖುಷಿಯಿಂದ. ಬಂತು.

ಕಣ್ಣು ಬಿಟ್ಟೆ. ಫ್ಯಾನು ತಿರುಗುತ್ತಿತ್ತು. ದೀಪ ಹತ್ತಿರಲಿಲ್ಲ.

ಅವನು ಒಳಗೆ ಬಂದು, ಬಲ್ಬು ನೋಡಿ, ನನ್ನನ್ನು ನೋಡಿ, ನಗುತ್ತ, ಕಾಕೂ, ಒಮ್ಮೆ ಕಣ್ಣು ತೋರಿಸಿಕೊಳ್ಳಿ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹೂಂ ಅಂದೆ. ಉದುರಿದ ಹಳೆಯ ವೈರಿನ ಪುಡಿ ಇನ್ನೂ ಅಂಗೈಯಲ್ಲಿತ್ತು. ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯಲಿಲ್ಲ... ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ.